ಮೋಟಾರಿಗೊಂದು ನೇಂದ್ರ ಗೊನೆ

ಕರೆಂಟಿನ ಕೆಲಸ ಕಲಿತುಬಿಟ್ಟರೆ ಜೀವನ ಸೆಟ್ಲ್ ಎಂದು ಮೂರ್ನಾಡಿನ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೀಗೆ ಹೇಳುವವರ ಮಕ್ಕಳು ಮಾತ್ರ ಯಾರೂ ಐಟಿಐ ಮೆಟ್ಟಿಲು ಹತ್ತಿದಂತಿಲ್ಲ. ಸಂದೇಹಪಡಲು ನನಗೆ ಇಷ್ಟು ಸಾಕು. ಓದುವ ಕಾಲವನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು; ಎಲ್ಲರೂ ಒಪ್ಪಿದ ಮಾತು ಕಿವಿಗೆ ಬಿದ್ದರೆ ಎದ್ದುನಿಂತು ‘ಮಾನ್ಯ ಅಧ್ಯಕ್ಷರೇ’ ಎನ್ನುವ ಕಾಯಿಲೆ ಇನ್ನೂ ವಾಸಿಯಾಗಿಲ್ಲ.

ಈ ಕಾಯಿಲೆಯನ್ನು ನಂಬಿಯೇ ಕಳೆದ ಭಾನುವಾರ ಚಿಕ್ಕಪ್ಪ ನನ್ನನ್ನು ಕರೆಸಿದ್ದು. ಅವರ ಮಗಳು ಯಶು ಪಿಯುಸಿ ಮುಗಿಸಿ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸಿಗೇ ಸೇರುತ್ತೇನೆಂದು ಹಟ ಹಿಡಿದಿದ್ದಳು. ಸೀಟೂ ಸಿಕ್ಕಿತ್ತು, ಮಾರನೆಯ ದಿನ ಹೋಗಿ ಸೇರದಿದ್ದರೆ ಕೈತಪ್ಪುತ್ತಿತ್ತು. ಚಿಕ್ಕಪ್ಪನ ಲೆಕ್ಕಾಚಾರ ಬೇರೆ. ಪಕ್ಕದ ಎಸ್ಟೇಟಿನ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಒಬ್ಬ ಸಹಾಯಕಿ ಬೇಕಿತ್ತು, ಅದೂ ಈ ತಿಂಗಳಿಂದಲೇ ಸಂಬಳ.

“ನೀನು ಮಾತಲ್ಲಿ ಕಪ್ ಗೆದ್ದವಳಲ್ವಾ, ಇವಳಿಗೆ ಸ್ವಲ್ಪ ಬುದ್ಧಿ ಹೇಳು,” ಎಂದರು ಚಿಕ್ಕಪ್ಪ.

“ಬುದ್ಧಿ ಬೇಡ ಅಕ್ಕ, ನ್ಯಾಯ ಹೇಳು,” ಎಂದಳು ಯಶು.

ನಮ್ಮ ಹಳೆಯ ತಾರ್ಕಿಕರದೊಂದು ಒಳ್ಳೆಯ ಪದ್ಧತಿಯಿದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯಬೇಕು. ಹಾಗಾಗಿ ಮೊದಲು ಚಿಕ್ಕಪ್ಪನ ಪಕ್ಷವನ್ನೇ ಹಿಡಿದೆ. ಫೀಸು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಖರ್ಚೆಂದರೆ ಫೀಸು ಮಾತ್ರವೇ? ಬಸ್ಸು, ಯೂನಿಫಾರ್ಮು, ಟೂಲ್ಸು ಇದ್ದೇ ಇವೆ. ಇವೆಲ್ಲಕ್ಕಿಂತ ದೊಡ್ಡದು, ಕಲಿಯುವ ಎರಡು ವರ್ಷ ಬಾರದೇ ಹೋಗುವ ಆ ರೈಟರಾಫೀಸಿನ ಸಂಬಳ. ಅದಾದ ಮೇಲೆ ಅಪ್ರೆಂಟಿಸು, ಪರ್ಮಿಟ್ಟು ಎಂದು ಇನ್ನಷ್ಟು ಕಾಯಬೇಕು. ಚಿಕ್ಕಪ್ಪ ಹೂಂ ಹೂಂ ಎಂದು ತಲೆದೂಗಿದರು. ಯಶು ನನ್ನನ್ನು ನೋಡಿದ ನೋಟಕ್ಕೆ ಫ್ಯೂಸು ಹೋಗಬೇಕಿತ್ತು.

ನಂತರ ಮಗ್ಗುಲು ಬದಲಿಸಿದೆ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪ ಮನೆ ಹಿಂದಿನ ಇಳಿಜಾರಿನಲ್ಲಿ ರೋಬಸ್ಟಾ ಸಸಿ ನೆಟ್ಟಿದ್ದಾರೆ. ಒಂದು ಹಿಡಿ ಕಾಫಿ ಹಣ್ಣು ಕಾಣಲು ಇನ್ನೂ ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಗೊಬ್ಬರ ಹಾಕುತ್ತಾರೆ, ಕಳೆ ತೆಗೆಸುತ್ತಾರೆ, ಬೆಳಗ್ಗೆ ಎದ್ದು ಅದರ ಚಿಗುರು ಸವರಿ ಬರುತ್ತಾರೆ. ‘ಈ ತಿಂಗಳಿಂದಲೇ ಏನು ಕೊಡ್ತೀಯ?’ ಎಂದು ಗಿಡವನ್ನು ಒಮ್ಮೆಯೂ ಕೇಳಿಲ್ಲ. ಗಿಡಕ್ಕೆ ಇರುವ ಕಾಲಾವಕಾಶ ಮಗಳಿಗೆ ಏಕಿಲ್ಲ? ಹಾಗೆ ನೋಡಿದರೆ ನನಗೂ ಇತ್ತು. ನಾನು ಎಂ.ಎ. ಮಾಡಲು ಹೊರಟಾಗ ಅದರಿಂದ ಏನು ಗಿಟ್ಟುತ್ತದೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಗಿಟ್ಟಿದ್ದು ಕಪ್ಪುಗಳು. ಅವುಗಳಲ್ಲಿ ದೊಡ್ಡದರೊಳಗೆ ಅಮ್ಮ ಗುಂಡಿ, ಪಿನ್ನು ಹಾಕಿಡುತ್ತಾಳೆ.

“ಅದೆಲ್ಲ ಇರ್ಲಿ ಮಾರಾಯ್ತಿ,” ಎಂದು ಚಿಕ್ಕಪ್ಪ ತುರುಪು ಇಳಿಸಿದರು. “ನಮ್ಮ ಕುಶಾಲಪ್ಪನ್ನ ನೋಡು. ಹುಟ್ಟಿದಾಗಿಂದ ವಯರು ಹಿಡ್ಕೊಂಡವ್ನು. ಇವತ್ತಿಗೂ ಅದೇ ಡಕೋಟ ಸ್ಕೂಟರು. ಎಂತ ಉಂಟು ಹೇಳು ಅದ್ರಲ್ಲಿ?”

ಇದು ಬಲವಾದ ಸಾಕ್ಷಿ ಎಂದು ಒಪ್ಪಲೇಬೇಕು. ಕುಶಾಲಪ್ಪಣ್ಣ ನಮ್ಮೂರಿನ ಎಲೆಕ್ಟ್ರಿಷಿಯನ್. ಕೆಲಸವಿಲ್ಲದೆ ಅವರು ಕೂತದ್ದನ್ನು ನಾನು ಕಂಡಿಲ್ಲ. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಿತೆಂದರೆ, ಕಾಫಿ ಹೂ ಅರಳಿಸಲು ಊರಿನವರೆಲ್ಲ ಒಂದೇ ವಾರದಲ್ಲಿ ಸ್ಪ್ರಿಂಕ್ಲರ್ ಹಚ್ಚುತ್ತಾರೆ, ಒಂದೇ ವಾರದಲ್ಲಿ ಎಲ್ಲರ ಮೋಟಾರೂ ಸುಡುತ್ತದೆ. ಆಗ ಅವರಿಗಿರುವ ಬೇಡಿಕೆ ಮದುವೆ ಸೀಸನ್ನಿನ ಅಡುಗೆಯವರಿಗೂ ಇಲ್ಲ. ಹಾಗಾದರೆ ಆ ದುಡಿಮೆಯೆಲ್ಲ ಎಲ್ಲಿ ಸೋರಿಹೋಗುತ್ತದೆ?

“ಈ ಸಲ ನಿಮ್ಮ ಮೋಟಾರು ಸರಿ ಮಾಡಿದ್ದು ಯಾರು ಚಿಕ್ಕಪ್ಪ?”

“ಕುಶಾಲಪ್ಪನೇ. ಇನ್ಯಾರು?”

“ಎಷ್ಟು ಕೊಟ್ರಿ?”

ಉತ್ತರ ಬಂದದ್ದು ಅಡುಗೆಮನೆಯಿಂದ. “ಒಂದು ನೇಂದ್ರ ಬಾಳೆಗೊನೆ,” ಎಂದರು ಚಿಕ್ಕಮ್ಮ.

“ಸಣ್ಣ ಗೊನೆ ಅಲ್ಲ ಅದು!” ಚಿಕ್ಕಪ್ಪ ಕುರ್ಚಿಯಲ್ಲೇ ನೆಟ್ಟಗಾದರು. “ಅವ್ನೂ ‘ಎಂತದೂ ಬೇಡ ಅಣ್ಣ, ನಮ್ಮ ಮನೆ ಕೆಲ್ಸ ಅಲ್ವಾ’ ಅಂದ.”

ನಮ್ಮ ಕಡೆಯ ನಡವಳಿಕೆಯೇ ಹೀಗೆ. ಕೆಲಸ ಮಾಡಿದವರು ಬೇಡ ಎನ್ನಬೇಕು, ಮಾಡಿಸಿಕೊಂಡವರು ಅದನ್ನು ನಂಬಬೇಕು. ಒಂದು ಮನೆಯಲ್ಲಿ ಗೊನೆ, ಇನ್ನೊಂದರಲ್ಲಿ ಕಾಳುಮೆಣಸು, ಮತ್ತೊಂದರಲ್ಲಿ ಊಟ. ಪ್ರೀತಿಗೆ ಕೊರತೆಯಿಲ್ಲ, ಆದರೆ ಪೆಟ್ರೋಲ್ ಬಂಕಿನವರು ನೇಂದ್ರ ತೆಗೆದುಕೊಳ್ಳುವುದಿಲ್ಲ. ಇದೇ ಮೋಟಾರನ್ನು ಹೊರಗಿನ ಅಂಗಡಿಗೆ ಒಯ್ದಿದ್ದರೆ ಚಿಕ್ಕಪ್ಪ ತುಟಿ ಪಿಟಕ್ಕೆನ್ನದೆ ಬಿಲ್ಲು ಕಟ್ಟಿ ಬರುತ್ತಿದ್ದರು. ಕುಶಾಲಪ್ಪಣ್ಣನ ಸ್ಕೂಟರು ಆ ವಿದ್ಯೆಯ ಬೆಲೆಯನ್ನು ಹೇಳುತ್ತಿಲ್ಲ. ನಾವು ‘ನಮ್ಮವನು’ ಎಂದು ಕರೆದವನಿಗೆ ಹಾಕುವ ದಂಡವನ್ನು ಹೇಳುತ್ತಿದೆ. ಸಾಕ್ಷಿ ತಿರುಗಿಬೀಳುವುದು ಎಂದರೆ ಇದೇ.

ಯಶು ಬಾಗಿಲಿಗೆ ಒರಗಿ ಬಳೆ ತಿರುಗಿಸುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ, ಸಹಿ ಹಾಕಲು ಅಪ್ಪನೂ ಜೊತೆಗೆ ಹೊರಟರೆ ಮಾತ್ರ ಅವಳ ಸೀಟು ಉಳಿಯುತ್ತಿತ್ತು. ನಾನು ಚರ್ಚಾಸ್ಪರ್ಧೆಯ ದನಿ ಬಿಟ್ಟು ಮನೆಯ ದನಿಯಲ್ಲಿ ಕೇಳಿದೆ:

“ಈ ಕೆಲ್ಸದಲ್ಲಿ ಎಂತ ಉಂಟು ಅಂತ ನನ್ನ ಕೇಳಿದ್ರಲ್ವಾ ಚಿಕ್ಕಪ್ಪ? ನನಗೆ ಹೇಗೆ ಗೊತ್ತಾಗ್ಬೇಕು? ಅದನ್ನ ಹೇಳ್ಬೇಕಾದವ್ರು ನೀವು. ನಾಳೆ ಯಾರದೋ ಮನೆಯ ಹುಡುಗಿ ಬಂದು ನಿಮ್ಮ ಮೋಟಾರು ಸರಿ ಮಾಡಿ, ‘ಎಂತದೂ ಬೇಡ ಅಣ್ಣ’ ಅಂದ್ರೆ, ನೀವು ಜೇಬಿಗೆ ಕೈ ಹಾಕ್ತೀರಾ, ಇಲ್ಲ ಬಾಳೆತೋಟಕ್ಕೆ ಹೋಗ್ತೀರಾ?”