ಆಮೆ ನೋಡಿದ್ದು ನಾನೊಬ್ಬನೇ

ಅಂಡಮಾನಿನಲ್ಲಿ ಹವಳ ನೋಡಲು ಹೊರಟ ದೋಣಿಯಲ್ಲಿ ಅಕ್ಕನ ಗಂಡ, ನಮ್ಮ ಭಾವ, ಎಲ್ಲರೆದುರು ಹೇಳಿದರು: "ನೀನು ಇಲ್ಲೇ ಕೂತು ಬ್ಯಾಗ್ ಕಾಯಿ ಮಾರಾಯ. ಈಜು ಬಾರದವರಿಗಲ್ಲ ಇದು." ಘೋಡಬಂದರ್ ರಸ್ತೆಯ ಅವರ ಹೌಸಿಂಗ್ ಸೊಸೈಟಿಯಲ್ಲಿ ಈಜುಕೊಳವಿದೆ, ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ನೀರಿನ ಟ್ಯಾಂಕರ್ ಬಂದರೆ ಅದೇ ಹಬ್ಬ. ಅಕ್ಕನೂ ನಕ್ಕುಬಿಟ್ಟಳು. ಇನ್ನು ಇಳಿಯದೆ ವಿಧಿಯಿರಲಿಲ್ಲ.

ಗೈಡ್ ನಮಗೆಲ್ಲ ಲೈಫ್ ಜಾಕೆಟ್ ಬಿಗಿದು, ಉಸಿರಾಡುವ ಕೊಳವೆ ಕೊಟ್ಟು, ಒಂದೇ ನಿಯಮ ಹೇಳಿದ: "ಹವಳಕ್ಕೆ ಕೈಕಾಲು ತಾಗಿಸಿದವರು ಕೂಡಲೇ ದೋಣಿಗೆ ವಾಪಸ್."

ನೀರಿಗೆ ಮುಖವಿಟ್ಟೆ. ಹಳದಿ ಪಟ್ಟೆಯ ಮೀನುಗಳ ದಂಡು ನಾಲ್ಕೂ ಕಡೆಯಿಂದ ನುಗ್ಗಿತು. ತಿರುಗಿ ದೋಣಿ ಹತ್ತೋಣವೆನಿಸಿತು. ಆಮೇಲೆ ಹೊಳೆಯಿತು, ಅರೆ, ಇದು ಬೆಳಗಿನ ಫಾಸ್ಟ್ ಲೋಕಲ್ ರೈಲಿನ ನೂಕುನುಗ್ಗಲು! ಇಪ್ಪತ್ತೈದು ವರ್ಷದ ಅಭ್ಯಾಸ ತಾನಾಗಿ ಬಂತು. ಕೈ ಎದೆಗೆ ಕಟ್ಟಿ, ಕಾಲು ಜೋಡಿಸಿ, ಮೈ ಸಡಿಲ ಬಿಟ್ಟು, ನೀರು ಒಯ್ದಲ್ಲಿಗೆ ಹೋದೆ. ಭಾವ ಮಾತ್ರ ಕೊಳದಲ್ಲಿ ಕಲಿತಂತೆ ಪಟಪಟ ಕಾಲು ಬಡಿದರು. ಹವಳಕ್ಕೆ ಒದೆ ಬಿತ್ತು. ಗೈಡ್ ಅವರ ಜಾಕೆಟ್ ಹಿಡಿದೆಳೆದು ದೋಣಿ ಹತ್ತಿಸಿದ.

ಎಲ್ಲರೂ ಅತ್ತ ನೋಡುತ್ತಿರುವಾಗ ನನ್ನ ಕೆಳಗೇ ಒಂದು ಆಮೆ ನಿಧಾನವಾಗಿ ಹಾದುಹೋಯಿತು.

"ಅಂಕಲ್, ಇಷ್ಟು ಚೆನ್ನಾಗಿ ತೇಲಲು ಎಲ್ಲಿ ಕಲಿತಿರಿ?" ಎಂದು ಗೈಡ್ ಕೇಳಿದ.

"ಡೊಂಬಿವಲಿ ಸ್ಟೇಷನ್ನಿನಲ್ಲಿ" ಎಂದೆ.

ಆಮೆ ನಿಜಕ್ಕೂ ಊಟದ ತಟ್ಟೆಯಷ್ಟಿತ್ತು. ಊರಿಗೆ ಮರಳಿ ಕಾಮೋಠೆಯ ನೆಂಟರಿಗೆ ಹೇಳುವಾಗ ಊಟದ ಮೇಜಿನಷ್ಟಾಯಿತು. ಭಾವ ಪಕ್ಕದಲ್ಲೇ ಇದ್ದರು. ಸುಳ್ಳೆಂದು ಹೇಗೆ ಹೇಳಿಯಾರು? ಆಗ ಅವರು ದೋಣಿಯಲ್ಲಿ ಬ್ಯಾಗ್ ಕಾಯುತ್ತಿದ್ದರು.