ಕನ್ನಡ ಬಾರದ ದುರುಗಪ್ಪ

ಒಬ್ಬ ತಾಯಿಯ ಎದುರು ನಿಂತು, ಅವಳು ಹೆತ್ತ ಮಗನನ್ನೇ ತೋರಿಸಿ, ಇವನು ನಿನ್ನ ಮಗನಲ್ಲ ಎಂದು ಹೇಳಿದವನು ನಾನು. ಬಾಯಿ ತಪ್ಪಿ ಬಂದ ಮಾತಲ್ಲ. ತಿಳಿದೇ ಹೇಳಿದೆ, ಮುಗುಳ್ನಗುತ್ತ ಹೇಳಿದೆ — ಆ ನಗುವನ್ನೂ ಇಲ್ಲಿ ಬರೆಯಲೇಬೇಕು, ಬಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ತೊಂಬತ್ತರ ದಶಕ. ಹಂಪಿಯಲ್ಲಿ, ಹೊಳೆದಂಡೆಯ ಬಂಡೆಗಳ ಮೇಲೆ ನನ್ನದೊಂದು ಹೋಟೆಲಿತ್ತು. ತೆಂಗಿನ ಗರಿಯ ಚಪ್ಪರ, ಕೂಡಲು ಚಾಪೆ, ಮೊಣಕಾಲೆತ್ತರದ ಮೇಜು. ಕೂತಲ್ಲಿಂದಲೇ ತುಂಗಭದ್ರೆ, ಹರಿಗೋಲು, ಆಚೆ ದಡದ ಬಾಳೆತೋಟ ಎಲ್ಲ ಕಾಣುತ್ತಿತ್ತು. ಬಿಳಿಯರು ಒಂದು ಲೋಟ ಚಹಾ ಹಿಡಿದು ಅರ್ಧ ದಿನ ನೋಡುತ್ತ ಕೂತುಬಿಡುತ್ತಿದ್ದರು. ಜನ ನನ್ನನ್ನು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ನೋಟ ಹೊಳೆಯದು, ಅಡುಗೆ ದುರುಗಪ್ಪನದು — ನನ್ನದೇನಿತ್ತು ಅಲ್ಲಿ, ಬೋರ್ಡೊಂದು ಬಿಟ್ಟು?

ದುರುಗಪ್ಪ ಕಂಪ್ಲಿ ಕಡೆಯ ಮೆಟ್ರಿಯವನು. ಅಲ್ಲಿನ ದಲಿತ ಕೇರಿಯ ಕೆಲವು ಮನೆಗಳು ಬೌದ್ಧ ದೀಕ್ಷೆ ತೆಗೆದುಕೊಂಡಿದ್ದವು, ಅವನ ಮನೆಯೂ ಅದರಲ್ಲೊಂದು. ಊರವರ ಜೊತೆ ಬುದ್ಧಗಯೆಗೆ ಯಾತ್ರೆ ಹೋದವನು ಅಲ್ಲಿ ಥಾಯ್ ಭಿಕ್ಷುಗಳ ವಿಹಾರವೊಂದರ ಅಡುಗೆಮನೆಯಲ್ಲಿ ನಾಲ್ಕು ವರ್ಷ ಉಳಿದುಬಿಟ್ಟ. ವಾಪಸು ಬಂದಾಗ ಕೈಯಲ್ಲಿ ಆ ದೇಶದ ಅಡುಗೆ ಇತ್ತು. ಮಜ್ಜಿಗೆಹುಲ್ಲು, ತೆಂಗಿನ ಹಾಲು, ಹೇರಳೆಯ ಎಳೆ ಎಲೆ ಹಾಕಿ ಮೊದಲ ದಿನ ಒಂದು ಸಾರು ಮಾಡಿಕೊಟ್ಟ. "ಇದೇನಪಾ, ಸಾರೋ ಕಷಾಯನೋ?" ಎಂದು ಗೇಲಿ ಮಾಡಿದೆ. ಎರಡನೇ ಬಟ್ಟಲು ನಾನೇ ಕೇಳಿ ಹಾಕಿಸಿಕೊಂಡೆ. ಶೇಂಗಾ ಪುಡಿ ಉದುರಿಸಿದ ಅವನ ನೂಡಲ್ಸಿಗೆ ಬಿಳಿಯರು ಸರದಿಯಲ್ಲಿ ಕಾಯುವಂತಾಯಿತು.

ಸುದ್ದಿ ಹೊಸಪೇಟೆಗೂ ಮುಟ್ಟಿತು. ಕಾಲುವೆ ನೀರಿನಲ್ಲಿ ಕಬ್ಬು, ಭತ್ತ ಬೆಳೆದು ಅನುಕೂಲವಾದ ನಮ್ಮ ಮಂದಿ ಭಾನುವಾರ ಜೀಪು ಮಾಡಿಕೊಂಡು ಬರತೊಡಗಿದರು. ಕೂತವರು ಮೊದಲು ಕೇಳುತ್ತಿದ್ದುದು ಒಂದೇ: "ಅಡಿಗಿ ಯಾರ್ರೀ ಮಾಡೋದು?" ಅವರು ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಒಂದು ದಿನ ಹೇಳಿಬಿಟ್ಟೆ: "ಥಾಯ್ಲೆಂಡಿನವರಿ." ಅಷ್ಟೇ, ಎಲ್ಲರ ಮುಖ ಅರಳಿತು. ಆ ದೇಶದವರು ಹೇಗಿರುತ್ತಾರೆಂದು ಅವರಲ್ಲಿ ಯಾರೂ ಕಂಡಿರಲಿಲ್ಲ. ಮೆಟ್ರಿಯ ಕೇರಿಯವನು ಕೊಟ್ಟ ನೀರು ಮುಟ್ಟದವರು ಥಾಯ್ಲೆಂಡಿನವನ ಸಾರನ್ನು ಬೆರಳು ನೆಕ್ಕಿ ಉಂಡರು. ಪರದೇಶದವನ ಜಾತಿಯನ್ನು ಯಾರೂ ಕೇಳಲಿಲ್ಲ.

"ನಮ್ಮ ಮಂದಿ ಮುಂದ ಕನ್ನಡ ಮಾತಾಡಬ್ಯಾಡ" ಎಂದು ದುರುಗಪ್ಪನಿಗೆ ಹೇಳಿದೆ. ಅವನು ನಕ್ಕ. "ಹಂಗಾದ್ರ ಹೆಸರೂ ಬದ್ಲಿ ಮಾಡ್ರಿ" ಎಂದು ಗಯೆಯಲ್ಲಿ ತನಗೆ ಅಡುಗೆ ಕಲಿಸಿದ ಮುದುಕನ ಹೆಸರನ್ನೇ ಇಟ್ಟುಕೊಂಡ — ಸೋಮ್‌ಚಾಯ್. ಇಬ್ಬರಿಗೂ ಅದೊಂದು ಆಟವಾಗಿತ್ತು. ಇಬ್ಬರಿಗೂ ಎಂದು ಬರೆದೆನಲ್ಲ... ಅವನನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಅಂದು ನನ್ನ ತಂಗಿಯನ್ನು ನೋಡಿ ಒಪ್ಪಿದ್ದ ಗಂಡಿನ ಕಡೆಯವರನ್ನು ಹೋಟೆಲಿಗೇ ಊಟಕ್ಕೆ ಕರೆದಿದ್ದೆ. ಹೊಸಪೇಟೆಯ ದೊಡ್ಡ ಮನೆತನ, ಮಡಿ ಮೈಲಿಗೆ ಜಾಸ್ತಿ. ಉಣ್ಣುತ್ತ ಉಣ್ಣುತ್ತ ಗಂಡಿನ ತಂದೆ, "ಆ ಪರದೇಶದ ಮನಷ್ಯಾನ್ನ ಒಮ್ಮೆ ಕರೀರಲ್ಲ, ನೋಡೋಣು" ಎಂದರು. ದುರುಗಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಕೈಜೋಡಿಸಿ, "ಸವಾದಿ ಕ್ರಾಪ್" ಎಂದ. ಅದು ಥಾಯ್ ಜನರ ನಮಸ್ಕಾರ. ಎಲ್ಲರೂ ಖುಷಿಯಿಂದ ನಕ್ಕರು. ಸಂಬಂಧ ಕುದುರಿತು ಎಂದುಕೊಂಡೆ.

ಆಗಲೇ ಮೆಟ್ಟಿಲ ಬಳಿ ಒಬ್ಬಳು ಮುದುಕಿ ಬಂದು ನಿಂತಳು. "ಇಲ್ಲೆ ದುರುಗಪ್ಪ ಅಂತ ಅಡಿಗಿ ಮಾಡ್ತಾನಂತಲ್ರೀ? ಮೆಟ್ರಿಯವ. ನನ್ನ ಮಗರಿ." ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೀಸನ್ನು ಎಂದು ಮೂರು ತಿಂಗಳಿಂದ ಅವನಿಗೆ ರಜೆ ಕೊಟ್ಟಿರಲಿಲ್ಲ ನಾನು. ಮಗ ಬರಲಿಲ್ಲವೆಂದು ಆ ಕಣ್ಣಲ್ಲೇ ಬಸ್ಸು ಬದಲಿಸಿ, ಅವರಿವರನ್ನು ಕೇಳುತ್ತ ಬಂದಿದ್ದಳು. ತಲೆ ಓರೆ ಮಾಡಿ ಅವನ ಕಡೆ ನೋಡಿದಳು. "ನೀನೇನಪಾ, ದುರುಗಾ?"

ಗಂಡಿನ ತಂದೆಯ ಕೈ ತಟ್ಟೆಯ ಮೇಲೆ ನಿಂತಿತು.

"ಇವ ನಿನ್ನ ಮಗ ಅಲ್ಲಬೇ" ಎಂದೆ. "ಥಾಯ್ಲೆಂಡಿನವ. ಇವಂಗ ಕನ್ನಡ ಬರಂಗಿಲ್ಲ."

ಅವಳು ಒಪ್ಪಲಿಲ್ಲ. "ಒಂದ್ ಮಾತಾಡಪಾ. ದನಿ ಕೇಳಿದ್ರ ನನಗ ತಿಳಿತೈತಿ."

ದುರುಗಪ್ಪ ನನ್ನನ್ನು ನೋಡಿದ. ಆ ನೋಟ — ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು ನಾನು. ಅವನು ಓಡಿಹೋಗಿ ಯವ್ವಾ ಎನ್ನುತ್ತಿದ್ದ. ಸಂಬಂಧ ಮುರಿಯುತ್ತಿತ್ತು, ಅಷ್ಟೇ ತಾನೆ? ತಂಗಿಗೆ ಇನ್ನೊಂದು ಗಂಡು ಸಿಗುತ್ತಿತ್ತು. ನಾನು ಅಡ್ಡ ಮುಖ ಮಾಡಿ ಬೀಗರಾಗುವವರ ತಟ್ಟೆಗೆ ಅನ್ನ ಬಡಿಸಿದೆ.

ಅವನು ತನ್ನ ತಾಯಿಗೆ ಕೈಮುಗಿದು, ಯಾರದೋ ದನಿ ಮಾಡಿ, "ಸವಾದಿ ಕ್ರಾಪ್" ಎಂದ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ತಪ್ಪಾತ್ರೀ ಯಪ್ಪಾ, ಕಣ್ಣು ಕಾಣಂಗಿಲ್ಲ" ಎಂದು ಬಂಡೆ ಹಿಡಿದುಕೊಂಡು ಇಳಿದು ಹೋದಳು. ಗುರುತು ಸಿಕ್ಕಿತ್ತು ಅವಳಿಗೆ. ನಾನು ಹಾಗೇ ನಂಬಿದ್ದೇನೆ. ಮಗನ ಕೆಲಸ ಉಳಿಯಲಿ ಎಂದು ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಂಡು ಹೋದಳು. "ಪಾಪ, ಮುದುಕಿ" ಎಂದ ಗಂಡಿನ ತಂದೆ ಇನ್ನೊಂದಿಷ್ಟು ನೂಡಲ್ಸ್ ಕೇಳಿದರು. ದುರುಗಪ್ಪ ಒಳಗೆ ಹೋಗಿ ಮಾಡಿದ. ನಾನು ತಂದು ಬಡಿಸಿದೆ.

ಬಂದವರನ್ನು ಜೀಪು ಹತ್ತಿಸಿ ತಿರುಗಿ ಬಂದರೆ ಅಡುಗೆಮನೆಯಲ್ಲಿ ಅವನಿರಲಿಲ್ಲ. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ ಹೋಗಿದ್ದ.

ತಂಗಿಯ ಮದುವೆ ಆಯಿತು. ದುರುಗಪ್ಪ ಯಶವಂತನಗರದ ಗಣಿಯಲ್ಲಿ ಕೂಲಿ ಮಾಡುತ್ತಿದ್ದಾನೆ, ಅಡುಗೆ ಬಿಟ್ಟಿದ್ದಾನೆ ಎಂದು ಕಿವಿಗೆ ಬಿತ್ತು. ಹೋಗಲಿಲ್ಲ. ಎರಡು ವರ್ಷ ಕಳೆದು, ಅವನ ತಾಯಿ ತೀರಿಕೊಂಡಳೆಂದು ಕೇಳಿದ ಮೇಲೆ ಮೆಟ್ರಿಗೆ ಹೋದೆ — ಸತ್ತ ಮೇಲೆ ಹೋಗುವುದು ಸುಲಭ ನೋಡಿ. "ಬರ್ರಿ ಸಾವ್ಕಾರ್ರ, ಕುಂದ್ರಿ" ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ಅವತ್ತ ಸಂಜಿಗೇ ಬಂದು ಹೇಳಿದೆರಿ, 'ಯವ್ವಾ, ಅಲ್ಲಿ ನಿಂತಾವ ನಾನ' ಅಂತ. 'ಅಲ್ಲ ಬಿಡು, ಅವ ಯಾರೋ ಪರದೇಶದವ' ಅಂದ್ಲು. ಕಾಲು ಹಿಡಕೊಂಡು ಅತ್ತೆ. 'ನನ್ನ ಮಗ ಹಂಗ ಮಾಡಂಗಿಲ್ಲ, ಅದು ನೀ ಅಲ್ಲ' ಅಂದ್ಲು. ಸಾಯೋತನಕ ಅದನ್ನ ಅಂದ್ಲು. ಅದು ನಾನಲ್ಲ ಅಂತ ಆಕಿನ ಅಂದ ಮ್ಯಾಲ ತಪ್ಪಾತವ್ವಾ ಅಂತ ಯಾರನ್ನ ಕೇಳ್ಲಿ ಹೇಳ್ರಿ?"

ಕ್ಷಮೆ ಕೇಳಲು ಹೋಗಿದ್ದವನು ನಾನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀರು ಕುಡಿದು ಎದ್ದು ಬಂದೆ.

ಹೋಟೆಲು ಮಾರಿ ಎಷ್ಟೋ ವರ್ಷವಾಯಿತು. ಇಷ್ಟನ್ನೂ ನಿಮ್ಮ ಮುಂದೆ ಬರೆಯಲು ಬಂತು ನನಗೆ. ನಿಮ್ಮನ್ನು ನಾನು ಕಂಡಿಲ್ಲ, ನೀವು ನನ್ನನ್ನು ಕಂಡಿಲ್ಲ. ಹೋದ ದೀಪಾವಳಿಗೆ ತಂಗಿಯ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅವಳ ಮಾವ, ಈಗ ತೀರಾ ಮುದುಕರು, ಪ್ರತಿ ವರ್ಷ ಕೇಳುವಂತೆ ಕೇಳಿದರು: "ಆ ಥಾಯ್ಲೆಂಡಿನವ ಎಲ್ಲದಾನ್ರೀ ಈಗ? ಭಾಳ ಚಂದ ಮಾಡ್ತಿದ್ದ ಅಡಿಗಿ."

"ತನ್ನ ದೇಶಕ್ಕ ಹೋದರಿ" ಎಂದೆ.