ಗೊರೇಬಾಳದ ಆದೆಪ್ಪ ಕಾರ್ಡ್ ಹಾಕದ ವರ್ಷ

೧೯೯೪ರ ಜನವರಿ. ಸೂರ್ಯ ಇನ್ನೂ ಮೇಲೆದ್ದಿಲ್ಲ. ಗೊರೇಬಾಳದ ಕಾಲುವೆ ಏರಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತ ಆದೆಪ್ಪ, ಕೊಯ್ಲಾದ ಗದ್ದೆಗೆ ಇಳಿದ ಬಾತುಗಳನ್ನು ಎಣಿಸುತ್ತಿದ್ದಾರೆ. ಹತ್ತು ಹಕ್ಕಿಗೊಂದು ಜೋಳದ ಕಾಳು ಎಡಜೇಬಿನಿಂದ ಬಲಜೇಬಿಗೆ ಹೋಗುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಕೆಮ್ಮಿದರೆ ಕಣ್ಣಲ್ಲೇ ಗದರುತ್ತಾರೆ. ಕೊನೆಗೆ ಬಾಯಿ ಬಿಡುತ್ತಾರೆ: "ಆರುನೂರಾ ಎಂಬತ್ತಾತ್ರಿ. ಗುರುಗುಂಟಾದ ಜಂಬಣ್ಣಂದು ಎಷ್ಟಾಗೇತೋ ಏನೋ!"

ಐವತ್ತೆರಡರ ಆದೆಪ್ಪ ಕಾಲುವೆಯ ಗ್ಯಾಂಗ್‌ಮನ್. ಗೇಟು ಎತ್ತುವುದು, ಇಳಿಸುವುದು, ದಿನಕ್ಕೆ ಒಂಬತ್ತು ಮೈಲಿ ಏರಿಯ ಮೇಲೆ ನಡೆಯುವುದು ನೌಕರಿ. ನೀರು ಸಾಲದ ರೈತರ ಬೈಗುಳವೂ ಅದರೊಳಗೇ ಸೇರಿದೆ. ಗೇಟಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಹೋಗಿವೆ.

ಹಕ್ಕಿ ಎಣಿಕೆ ಅಂಟಿಕೊಂಡದ್ದು ೧೯೮೬ರಲ್ಲಿ. ಲಿಂಗಸುಗೂರಿನಲ್ಲಿ ಜೀವಶಾಸ್ತ್ರ ಕಲಿಸುವ ಶೇಖರಮ್ಮ ಮೇಡಂ ಸುತ್ತಲಿನ ಹನ್ನೊಂದು ಜನರನ್ನು ಕೂಡಿಸಿದರು. ಜನವರಿಯ ಒಂದು ಭಾನುವಾರ, ಒಂದೇ ಹೊತ್ತಿಗೆ ಎಲ್ಲರೂ ತಂತಮ್ಮ ಊರಿನ ಹಕ್ಕಿ ಎಣಿಸಿ ಮೇಡಂಗೆ ಅಂಚೆ ಕಾರ್ಡ್ ಬರೆದು ಹಾಕಬೇಕು. ಅದನ್ನೆಲ್ಲ ಸೇರಿಸಿದ ಪಟ್ಟಿ ಎಲ್ಲರಿಗೂ, ಹೊರಗಿನ ಸಂಶೋಧಕರಿಗೂ ಹೋಗುತ್ತದೆ. ಗುರುಗುಂಟಾದಲ್ಲಿ ಕುರಿ ಕಾಯುವ ಜಂಬಣ್ಣನವರಿಗೆ ಎಣಿಸಲು ಕಲಿಸಿದ್ದು ಆದೆಪ್ಪನವರೇ.

೧೯೯೧ರಲ್ಲಿ ಜಂಬಣ್ಣನವರ ಹೆಸರು ಪಟ್ಟಿಯ ಮೊದಲ ಸಾಲಿಗೆ ಬಂತು. ದೂರದಲ್ಲೆಲ್ಲೋ ಯಾರೋ ಗುರುತಿಗೆಂದು ಕಾಲಿಗೆ ಹಳದಿ ಪಟ್ಟಿ ಕಟ್ಟಿ ಬಿಟ್ಟ ಬಾತೊಂದು ಅವರಿಗೆ ಕಂಡಿತ್ತು. ಮಸ್ಕಿಯಲ್ಲಿ ಸಭೆ ಸೇರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆದೆಪ್ಪ ತಟ್ಟಲಿಲ್ಲ. ಅದೇ ಹಕ್ಕಿಯನ್ನು ಅವರು ಮೂರು ದಿನ ಮೊದಲೇ ಗೊರೇಬಾಳದಲ್ಲಿ ಕಂಡಿದ್ದರು. ಎಣಿಕೆಯ ದಿನವಲ್ಲದ್ದರಿಂದ ಅದನ್ನು ಕಾರ್ಡಿನಲ್ಲಿ ಬರೆದಿರಲಿಲ್ಲ.

"ಹೊಟ್ಯಾಗ ಕೆಂಡ ಇಟ್ಟಂಗಾತ್ರಿ. ಕಲಿಸಿದಾಂವ ನಾ, ಚಪ್ಪಾಳಿ ಅಂವಗ. ಈಗ್ಯಾಕ ಹೇಳ್ತೀ ಅಂತಾರಂತ ಸುಮ್ಕಾದೆ."

ಮರುವರ್ಷ ಎಣಿಸಿದರು, ಕಾರ್ಡ್ ಹಾಕಲಿಲ್ಲ. ಪಟ್ಟಿಯಲ್ಲಿ ಗೊರೇಬಾಳದ ಸಾಲು ಖಾಲಿ ಬಂತು. ಕೆಳಗೆ ಮೇಡಂ ಬರೆದ ಪ್ರಶ್ನೆ: ಅಲ್ಲಿಗೆ ಹಕ್ಕಿ ಬರುವುದು ನಿಂತಿತೇ?

ವಾರದೊಳಗೆ ಜಂಬಣ್ಣ ಎರಡು ಬಸ್ಸು ಬದಲಿಸಿ ಬಂದರು. ಕೊಟ್ಟ ಚಹಾ ಮುಟ್ಟದೆ ಕೇಳಿದರು: "ಆದಣ್ಣ, ಗದ್ದಿಗೆ ಹುಳದ ಎಣ್ಣಿ ಹೊಡದು ಹಕ್ಕಿ ಸತ್ತಾವೇನು? ನಂಗ ನಿದ್ದಿ ಹತ್ತವಲ್ದು."

ಆದೆಪ್ಪ ಒಳಗೆ ಹೋಗಿ ಎರಡೂ ವರ್ಷದ ನೋಟುಬುಕ್ಕು ತಂದು ಮುಂದಿಟ್ಟರು. ಕಾರ್ಡ್ ಹಾಕದ ವರ್ಷದ ಎಣಿಕೆ ಇತ್ತು, ಹಳದಿ ಪಟ್ಟಿಯ ಹಕ್ಕಿ ಕಂಡ ತಾರೀಖೂ ಇತ್ತು. ಜಂಬಣ್ಣ ಬೈಯಲಿಲ್ಲ. "ಮೊದಲ ಕಂಡಾಂವ ನೀನಽ ಬಿಡಣ್ಣ! ಬರಿ, ಈಗಽ ಬರಿ ಮೇಡಮ್ಮಗ" ಎಂದು ನಕ್ಕುಬಿಟ್ಟರು.

"ಸಿಟ್ಟಿಗೆದ್ದಿದ್ರ ಚಲೋ ಇತ್ತು. ನಕ್ಕನಲ್ರೀ, ನಂಗ ಅದಕ್ಕೂ ಹೊಟ್ಟಿಕಿಚ್ಚಾತು" ಎನ್ನುತ್ತಾರೆ ಆದೆಪ್ಪ.

ಆದೆಪ್ಪ ಬರೆದು ಹಾಕಿದರು. ಆ ಹಕ್ಕಿ ಕಂಡ ಎರಡೂ ಊರಿನ ತಾರೀಖು ಕೂಡಿದಾಗಲೇ ತಿಳಿದದ್ದು: ಗೊರೇಬಾಳದ ಗದ್ದೆಯಲ್ಲಿ ಮೇಯುವ ಬಾತುಗಳೇ ಗುರುಗುಂಟಾದ ಕೆರೆಗೂ ಹೋಗುತ್ತವೆ, ಒಂದು ಜಾಗ ಕೆಟ್ಟರೆ ಎರಡೂ ಕಡೆ ಹಕ್ಕಿ ಕಾಣದಾಗಬಹುದು. ಕಳೆದ ವರ್ಷದ ಪಟ್ಟಿಯಲ್ಲಿ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿವೆ. ಜಂಬಣ್ಣನವರದು ಮುಂದೆ.

ಈಗಲಾದರೂ ಹೊಟ್ಟೆಕಿಚ್ಚು ಆರಿತೇ ಎಂದು ಕೇಳುತ್ತೇನೆ.

"ಇಲ್ರೀ, ಸುಳ್ಳ್ಯಾಕ ಹೇಳ್ಲಿ? ಹೋದ ವರ್ಷ ಅಂವಂದು ಏಳುನೂರಾ ಹತ್ತು, ನಂದು ಆರುನೂರಾ ತೊಂಬತ್ತು. ಮೂವತ್ತು ಹಕ್ಕಿ ಕೂಡಿಸಿ ಬರದಿದ್ರ ನಂದಽ ಮುಂದ ಆಕ್ಕಿತ್ತು. ಯಾರು ಬಂದು ಎಣಸ್ತಿದ್ರು?" ಈ ವರ್ಷದ ಕಾರ್ಡಿನ ಮೇಲೆ ಮೇಡಂ ವಿಳಾಸ ಬರೆದು ಮುಗಿಸಿ ತಲೆಯೆತ್ತುತ್ತಾರೆ. "ಕೂಡಿಸಿ ಬರೀಲಿಲ್ರೀ."